ಎಣ್ಣೆ ಯಾವುದನ್ನು ಮುಟ್ಟುತ್ತದೆ: ಹಳೆಯ ಸಣ್ಣ ಕಾರಿಗೆ ಆಯಿಲ್ ಆರಿಸುವ ಬಗೆ

ಹಳೆಯ ಕಾರು ಇಟ್ಟುಕೊಂಡವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ. "ಗಾಡಿಗೆ ವಯಸ್ಸಾಯ್ತು, ಇನ್ನು ದಪ್ಪ ಆಯಿಲ್ ಹಾಕಬೇಕಲ್ವಾ?" ಕೇಳುವಾಗಲೇ ಹೌದು ಎಂಬ ಉತ್ತರ ಅವರ ಮನಸ್ಸಿನಲ್ಲಿ ಸಿದ್ಧವಾಗಿರುತ್ತದೆ. ಮೊದಲು ಗಾಡಿ ನೋಡೋಣ ಅಂತ ನಾನು ಹೇಳಿದರೆ ಸ್ವಲ್ಪ ನಿರಾಸೆಯಾಗುತ್ತದೆ. ವಯಸ್ಸಿಗೂ ಎಣ್ಣೆಯ ದಪ್ಪಕ್ಕೂ ನೇರ ಸಂಬಂಧ ಇಲ್ಲ. ಸವೆತಕ್ಕೂ ದಪ್ಪಕ್ಕೂ ಇದೆ. ಮೂವತ್ತು ವರ್ಷದ ಕಾರಿನ ಎಂಜಿನ್ ಸವೆಯದೇ ಇರಬಹುದು, ಎಂಟು ವರ್ಷದ ಕಾರಿನ ಎಂಜಿನ್ ಪೂರ್ತಿ ಸವೆದಿರಬಹುದು. ಹುಟ್ಟಿದ ವರ್ಷ ನೋಡಿ ಎಣ್ಣೆ ಆರಿಸಲು ಬರುವುದಿಲ್ಲ.

ಇವತ್ತು ನಾನು ಮಾತಾಡುತ್ತಿರುವುದು ಸುಮಾರು ಒಂದು ಲೀಟರ್‌ನಿಂದ ಒಂದೂಕಾಲು ಲೀಟರ್ ಎಂಜಿನ್ನಿನ, ಕೈಯಲ್ಲಿ ಗೇರ್ ಹಾಕುವ, ಪೆಟ್ರೋಲ್ ಕಾರುಗಳ ಬಗ್ಗೆ. ಹದಿನೈದು, ಇಪ್ಪತ್ತು, ಮೂವತ್ತು ವರ್ಷ ಓಡಿದಂಥವು. ಇಷ್ಟು ವರ್ಷ ಅಂಥದ್ದೊಂದನ್ನು ನೋಡಿಕೊಂಡು, ಗೆಳೆಯರ ಕಾರುಗಳ ಅಡಿಯಲ್ಲಿ ಮಲಗಿ ನಾನು ಕಲಿತದ್ದು ಇಷ್ಟು: ಡಬ್ಬಿಯ ಮೇಲೆ ಏನು ಬರೆದಿದೆ ಅನ್ನುವುದಕ್ಕಿಂತ ಮೊದಲು, ಆ ದ್ರವ ಒಳಗೆ ಹೋಗಿ ಯಾವುದನ್ನು ಮುಟ್ಟುತ್ತದೆ ಎಂದು ಕೇಳಿಕೊಳ್ಳಬೇಕು. ಹಿತ್ತಾಳೆಯನ್ನೋ, ರಬ್ಬರನ್ನೋ, ಅಲ್ಯೂಮಿನಿಯಮ್ಮನ್ನೋ? ಒಳಗಿನ ವಸ್ತು ಗೊತ್ತಾದರೆ ಆಯ್ಕೆ ಅರ್ಧ ಮುಗಿದಂತೆ.

ಉಳಿದ ಅರ್ಧ ಕಾರಿನ ಕೈಪಿಡಿಯಲ್ಲಿದೆ. ಹಳೆಯ ಕಾರು ಕೊಳ್ಳುವಾಗ ಟೈರು, ಬಣ್ಣ, ಸೀಟು ಎಲ್ಲ ನೋಡುತ್ತೇವೆ, ಕೈಪಿಡಿ ಇದೆಯೇ ಎಂದು ಕೇಳುವುದಿಲ್ಲ. ದಯವಿಟ್ಟು ಕೇಳಿ. ಅದರಲ್ಲಿ ಹೊರಗಿನ ಉಷ್ಣಾಂಶಕ್ಕೆ ತಕ್ಕಂತೆ ಯಾವ ಗ್ರೇಡ್ ಹಾಕಬೇಕು ಎಂಬ ಒಂದು ಪಟ್ಟಿ ಇರುತ್ತದೆ. ಬಹಳ ಕಾರುಗಳಿಗೆ ಒಂದೇ ಗ್ರೇಡ್ ಅಲ್ಲ, ಮೂರೋ ನಾಲ್ಕೋ ಗ್ರೇಡ್ ಕೊಟ್ಟಿರುತ್ತಾರೆ. ಆ ಪಟ್ಟಿಯೊಳಗೆ ನಿಮಗೆ ಆಯ್ಕೆ ಇದೆ. ಪಟ್ಟಿಯಿಂದ ಆಚೆ ಹೋಗಬೇಕಾದರೆ ಗಟ್ಟಿಯಾದ ಕಾರಣ ಬೇಕು.

ಈಗ ಆ ಅಂಕಿಗಳಿಗೆ ಬರೋಣ. 20ಡಬ್ಲ್ಯು-50, 10ಡಬ್ಲ್ಯು-40, 5ಡಬ್ಲ್ಯು-30. ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ, ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವುದಕ್ಕೆ. 20ಡಬ್ಲ್ಯು ಎಣ್ಣೆಯನ್ನು ಮೈನಸ್ 15 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ, 10ಡಬ್ಲ್ಯುವನ್ನು ಮೈನಸ್ 25ರಲ್ಲಿ, 5ಡಬ್ಲ್ಯುವನ್ನು ಮೈನಸ್ 30ರಲ್ಲಿ. ಅಷ್ಟು ಚಳಿಯಲ್ಲೂ ಸ್ಟಾರ್ಟರ್ ಎಂಜಿನ್ ತಿರುಗಿಸಬಲ್ಲದೇ ಅಂತ ನೋಡುವುದು ಅಲ್ಲಿ. ಕೊನೆಯ ಅಂಕಿ, ಎಂಜಿನ್ ಕಾದು 100 ಡಿಗ್ರಿ ಇರುವಾಗ ಎಣ್ಣೆ ಎಷ್ಟು ದಪ್ಪ ಉಳಿದಿದೆ ಎನ್ನುವುದಕ್ಕೆ. ಅಳತೆ ಸೆಂಟಿಸ್ಟೋಕ್ಸ್‌ನಲ್ಲಿ, ಅದು ದೊಡ್ಡದಾದಷ್ಟೂ ಎಣ್ಣೆ ದಪ್ಪ. 30 ಅಂದರೆ 9.3ರಿಂದ 12.5ರೊಳಗೆ, 40 ಅಂದರೆ 12.5ರಿಂದ 16.3, 50 ಅಂದರೆ 16.3ರಿಂದ 21.9.

ಇಲ್ಲಿ ಬಹಳ ಜನ ಎಡವುವ ಒಂದು ಕಡೆ ಇದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 20ಡಬ್ಲ್ಯು-50 ಎಂದರೆ ತಣ್ಣಗಿರುವಾಗ 20ರಷ್ಟು ತೆಳು, ಕಾದಾಗ 50ರಷ್ಟು ದಪ್ಪ, ಅಂದರೆ ಕಾದಂತೆ ಎಣ್ಣೆ ದಪ್ಪ ಆಗುತ್ತದೆ ಅಂತ ತಿಳಿದವರು ಎಷ್ಟೋ ಮಂದಿ. ಹಾಗಿಲ್ಲ. ಯಾವ ಎಣ್ಣೆಯೂ ಕಾದಾಗ ದಪ್ಪವಾಗುವುದಿಲ್ಲ, ತೆಳುವೇ ಆಗುತ್ತದೆ. ಸಾಮಾನ್ಯವಾದ ಒಂದು 20ಡಬ್ಲ್ಯು-50 ಎಣ್ಣೆ 40 ಡಿಗ್ರಿಯಲ್ಲಿ 160 ಸೆಂಟಿಸ್ಟೋಕ್ಸ್ ಆಸುಪಾಸಿನಲ್ಲಿರುತ್ತದೆ. 100 ಡಿಗ್ರಿಗೆ ಬರುವಷ್ಟರಲ್ಲಿ 18ರ ಸುತ್ತಮುತ್ತ. ಹತ್ತರಲ್ಲಿ ಒಂಬತ್ತು ಪಾಲು ದಪ್ಪ ಹೋಯಿತು. 5ಡಬ್ಲ್ಯು-30 ಎಣ್ಣೆ 40 ಡಿಗ್ರಿಯಲ್ಲಿ 60, 65ರಷ್ಟಿದ್ದು 100ಕ್ಕೆ ಹತ್ತು ಹನ್ನೊಂದಕ್ಕೆ ಇಳಿಯುತ್ತದೆ. ಹಾಗಾಗಿ ಎರಡು ಎಣ್ಣೆಗಳ ನಡುವಿನ ದೊಡ್ಡ ಅಂತರ ಕಾದಾಗ ಇಲ್ಲ, ತಣ್ಣಗಿದ್ದಾಗ ಇದೆ. ಬೆಳಗ್ಗೆ ಕೀ ತಿರುಗಿಸಿದಾಗ.

ಎಂಜಿನ್ ಹೆಚ್ಚು ಸವೆಯುವುದೂ ಆಗಲೇ. ರಾತ್ರಿಯೆಲ್ಲ ಎಣ್ಣೆ ಎಂಜಿನ್ನಿನ ಅಡಿಯ ತೊಟ್ಟಿಗೆ, ಅಂದರೆ ಸಂಪಿಗೆ, ಇಳಿದಿರುತ್ತದೆ. ಸ್ಟಾರ್ಟ್ ಆದ ಮೊದಲ ಕ್ಷಣಗಳಲ್ಲಿ ವಾಲ್ವ್ ತೆರೆಯುವ ಮೇಲಿನ ಕ್ಯಾಮ್‌ಶಾಫ್ಟ್‌ಗೆ ಎಣ್ಣೆ ತಲುಪಬೇಕು. ಬೇರಿಂಗ್ ಮತ್ತು ಕ್ರ್ಯಾಂಕ್‌ಶಾಫ್ಟ್ ನಡುವಿನ ಸಂದು ಒಂದು ಮಿಲಿಮೀಟರಿನ ನೂರರಲ್ಲಿ ಮೂರ್ನಾಲ್ಕು ಪಾಲು ಅಷ್ಟೇ, ಕೂದಲೆಳೆಗಿಂತ ಕಿರಿದು. ಅಲ್ಲಿಗೆ ಎಣ್ಣೆ ನುಗ್ಗಬೇಕು. ಬೇಕಾದ್ದಕ್ಕಿಂತ ದಪ್ಪ ಎಣ್ಣೆ ಹಾಕಿದಾಗ ಏನಾಗುತ್ತದೆ ನೋಡಿ. ಪಂಪಿನ ಒತ್ತಡ ಏರುತ್ತದೆ, ಏರಿದ್ದಕ್ಕೆ ರಿಲೀಫ್ ವಾಲ್ವ್ ತೆರೆದು ಎಣ್ಣೆಯ ಒಂದು ಪಾಲು ಬಂದ ದಾರಿಯಲ್ಲೇ ವಾಪಸ್ ಸಂಪಿಗೆ ಹೋಗುತ್ತದೆ. ಫಿಲ್ಟರಿನೊಳಗಿನ ಬೈಪಾಸ್ ವಾಲ್ವೂ ತೆರೆದುಕೊಂಡು ಸೋಸದ ಎಣ್ಣೆ ಬೇರಿಂಗಿಗೆ ಹೋಗಬಹುದು. ಮೀಟರಿನಲ್ಲಿ ಪ್ರೆಶರ್ ಚೆನ್ನಾಗಿ ಕಾಣುತ್ತದೆ, ನಿಮಗೆ ಸಮಾಧಾನ. ಆದರೆ ಹರಿಯುವುದು ಕಡಿಮೆ. ಎಣ್ಣೆಯ ಕೆಲಸ ಹರಿಯುವುದು, ಮುಳ್ಳನ್ನು ಮೇಲೆತ್ತುವುದಲ್ಲ.

ಹಾಗಾದರೆ ದಪ್ಪ ಎಣ್ಣೆ ಬೇಡವೇ ಬೇಡ ಅಂತಲೂ ಅಲ್ಲ. ಎಂಜಿನ್ ನಿಜಕ್ಕೂ ಸವೆದಿದ್ದರೆ, ಪೂರ್ತಿ ಕಾದ ಮೇಲೆ ನಿಂತಲ್ಲೇ ಓಡುವಾಗ ಆಯಿಲ್ ಲೈಟ್ ಮಿನುಗುತ್ತಿದ್ದರೆ, ಮೊದಲು ಬೇರೊಂದು ಗೇಜ್ ಹಾಕಿಸಿ ಪ್ರೆಶರ್ ಅಳತೆ ಮಾಡಿಸಿ. ಆ ಸ್ವಿಚ್ಚೇ ಕೆಟ್ಟಿರುವುದು ತೀರಾ ಸಾಮಾನ್ಯ. ಪ್ರೆಶರ್ ನಿಜವಾಗಿಯೂ ಕಡಿಮೆ ಇದ್ದರೆ ಕೊನೆಯ ಅಂಕಿಯನ್ನು ಒಂದು ಮೆಟ್ಟಿಲು ಏರಿಸಿ, 30 ಇದ್ದಲ್ಲಿ 40. ಡಬ್ಲ್ಯು ಜೊತೆಗಿನ ಮೊದಲ ಅಂಕಿಯನ್ನು ಆದಷ್ಟೂ ಹಾಗೇ ಇಡಿ. 10ಡಬ್ಲ್ಯು-30 ಹಾಕುತ್ತಿದ್ದವರು 10ಡಬ್ಲ್ಯು-40ಕ್ಕೆ ಬನ್ನಿ, ನೇರ 20ಡಬ್ಲ್ಯು-50ಕ್ಕೆ ಹಾರಬೇಡಿ. ಕೈಪಿಡಿಯಲ್ಲೇ 20ಡಬ್ಲ್ಯು-50 ಬರೆದಿರುವ ಕಾರುಗಳ ಮಾತು ಬೇರೆ. ಅವು ಆ ಎಣ್ಣೆಗೆಂದೇ ಸಂದು ಬಿಟ್ಟು ಕಟ್ಟಿದ ಎಂಜಿನ್ನುಗಳು. ಅವಕ್ಕೆ 5ಡಬ್ಲ್ಯು-30 ಹಾಕಿ ಆಧುನಿಕ ಮಾಡಲು ಹೋಗುವುದೂ ಅಷ್ಟೇ ತಪ್ಪು.

ಹೊಗೆ ಬರುವ ಗಾಡಿಗೆ ದಪ್ಪ ಎಣ್ಣೆ ಸುರಿಯುವ ಮೊದಲು ಹೊಗೆಯನ್ನೇ ಕೇಳಿ. ರಾತ್ರಿ ನಿಂತಿದ್ದ ಗಾಡಿ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಉಸಿರು ನೀಲಿ ಹೊಗೆ ಬಿಟ್ಟು ನಿಂತುಹೋದರೆ ಅದು ವಾಲ್ವ್ ಸೀಲ್. ರಬ್ಬರ್ ಗಟ್ಟಿಯಾಗಿ ಎಣ್ಣೆ ತೊಟ್ಟಿಕ್ಕಿದೆ. ಸೀಲ್ ಬದಲಾಯಿಸಿದರೆ ಆಯಿತು, ದಪ್ಪ ಎಣ್ಣೆಯಿಂದ ಆ ರಬ್ಬರ್ ಮೆದುವಾಗುವುದಿಲ್ಲ. ಏರು ಹತ್ತುವಾಗ, ಕಾಲೊತ್ತಿದಾಗ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದು ಕೂಲಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್. ಇನ್ನು ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಎಣ್ಣೆ ಕುಡಿಯುವ ಎಂಜಿನ್ನಿಗೆ ಯಾವ ಗ್ರೇಡ್ ಎಂದು ಕೇಳುವುದರಲ್ಲಿ ಅರ್ಥವಿಲ್ಲ, ಅದನ್ನು ಬಿಚ್ಚಿ ನೋಡಬೇಕು.

ಇದಕ್ಕೆ ತಿರುಗುಮುರುಗಾದ ಒಂದು ಸಂಗತಿ ಹೇಳಲೇಬೇಕು. ನನ್ನ ಕಾರಿನಲ್ಲಿ ಒಮ್ಮೆ ಎಣ್ಣೆಯ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ತೆಗೆದರೆ ಎಣ್ಣೆ ಮೇಲಿನ ಗೆರೆ ದಾಟಿತ್ತು. ಯಾರೂ ಟಾಪ್ ಅಪ್ ಮಾಡಿರಲಿಲ್ಲ. ಹಳೆಯ ಗಾಡಿಯಲ್ಲಿ ಎಣ್ಣೆ ಹೆಚ್ಚಾಗುತ್ತದೆಯೇ? ಕಡ್ಡಿ ಮೂಸಿದೆ, ಪೆಟ್ರೋಲ್ ವಾಸನೆ. ಕಾರ್ಬ್ಯುರೇಟರ್ ಇರುವ ಕಾರುಗಳಲ್ಲಿ ಪೆಟ್ರೋಲ್ ಪಂಪನ್ನು ಎಂಜಿನ್ನಿನ ಮೈಗೇ ಕೂರಿಸಿರುತ್ತಾರೆ, ಕ್ಯಾಮ್‌ಶಾಫ್ಟೇ ಅದನ್ನು ಒತ್ತುತ್ತದೆ. ಒಳಗಿನ ರಬ್ಬರ್ ಪೊರೆ ಹರಿದರೆ ಪೆಟ್ರೋಲ್ ನೇರ ಎಣ್ಣೆಗೆ ಇಳಿಯುತ್ತದೆ. ಎಣ್ಣೆ ನೀರಾಗುತ್ತದೆ, ಬೇರಿಂಗ್ ಸವೆಯುತ್ತದೆ, ಬೆಂಕಿಯ ಅಪಾಯವೂ ಇದೆ. ಪಂಪ್ ಬದಲಾಯಿಸಿ, ಎಣ್ಣೆ ಫಿಲ್ಟರ್ ಎರಡನ್ನೂ ಹೊಸದು ಮಾಡುವವರೆಗೆ ನಾನು ಗಾಡಿ ಸ್ಟಾರ್ಟ್ ಮಾಡಲಿಲ್ಲ. ಕಡ್ಡಿ ನೋಡುವಾಗ ಮಟ್ಟ ಮಾತ್ರ ನೋಡಬೇಡಿ, ಮೂಸಿ, ಬೆರಳಲ್ಲಿ ಉಜ್ಜಿ. ಎರಡು ಗೆರೆಗಳ ನಡುವೆ ಹೆಚ್ಚಿನ ಕಾರುಗಳಲ್ಲಿ ಸುಮಾರು ಒಂದು ಲೀಟರ್ ಅಂತರ ಇರುತ್ತದೆ. ಮೇಲಿನ ಗೆರೆ ದಾಟಿಸಿ ತುಂಬಿದರೆ ತಿರುಗುವ ಕ್ರ್ಯಾಂಕ್ ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಗೆ ಭಾರ ಹೊರುವ ಶಕ್ತಿ ಇಲ್ಲ.

ಗ್ರೇಡ್ ಆಯಿತು. ಡಬ್ಬಿಯ ಮೇಲೆ ಇನ್ನೊಂದು ಗುರುತು ಇರುತ್ತದೆ, ಎಪಿಐ (ಎಣ್ಣೆಗೆ ದರ್ಜೆ ಕೊಡುವ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಂದು ಬರೆದು ಎಸ್‌ಜೆ, ಎಸ್‌ಎಲ್, ಎಸ್‌ಎನ್, ಎಸ್‌ಪಿ ಅಂತ ಎರಡಕ್ಷರ. ಎಸ್ ಇದ್ದರೆ ಪೆಟ್ರೋಲ್ ಎಂಜಿನ್, ಸಿ ಇದ್ದರೆ ಡೀಸೆಲ್. ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಹೊಸದು. ಎಸ್‌ಎಲ್ 2001ರದ್ದು, ಎಸ್‌ಎಂ 2004ರದ್ದು, ಎಸ್‌ಎನ್ 2010, ಎಸ್‌ಪಿ 2020. ನಿಮ್ಮ ಕೈಪಿಡಿಯಲ್ಲಿ ಎಸ್‌ಎಫ್ ಅಥವಾ ಎಸ್‌ಜಿ ಎಂದಿದ್ದರೆ ಅದನ್ನು ಹುಡುಕಿಕೊಂಡು ಅಲೆಯಬೇಕಿಲ್ಲ, ಹೊಸ ದರ್ಜೆ ಹಳೆಯದರ ಕೆಲಸವನ್ನೂ ಮಾಡುತ್ತದೆ. ಎಸ್‌ಎ ಅಂತ ಬರೆದದ್ದನ್ನು ಮಾತ್ರ ಮುಟ್ಟಬೇಡಿ. ಅದರಲ್ಲಿ ರಕ್ಷಕ ರಾಸಾಯನಿಕಗಳೇ ಇಲ್ಲ, 1930ರಿಂದೀಚೆಗಿನ ಎಂಜಿನ್ನಿಗೆ ಅದು ಎಣ್ಣೆಯೇ ಅಲ್ಲ.

ಹೊಸದು ಹಳೆಯದರ ಕೆಲಸ ಮಾಡುತ್ತದೆ ಎಂದೆ. ಒಂದು ತಕರಾರು ಇದೆ. ಎಣ್ಣೆಯಲ್ಲಿ ಸತು ಮತ್ತು ರಂಜಕ ಸೇರಿದ ಒಂದು ರಾಸಾಯನಿಕ ಇರುತ್ತದೆ, ಝಡ್‌ಡಿಡಿಪಿ ಅಂತ. ಲೋಹ ಲೋಹಕ್ಕೆ ಉಜ್ಜುವ ಜಾಗದಲ್ಲಿ ತೆಳ್ಳನೆಯ ಪದರವಾಗಿ ಕೂತು ಸವೆತ ತಡೆಯುತ್ತದೆ. ಆದರೆ ರಂಜಕ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೊಲ್ಲುತ್ತದೆ. ಅದಕ್ಕಾಗಿ ಎಸ್‌ಎಂ ಬಂದಾಗಿನಿಂದ ತೆಳು ಗ್ರೇಡುಗಳಲ್ಲಿ ರಂಜಕವನ್ನು ಶೇಕಡ 0.08ಕ್ಕೆ ಕಟ್ಟಿಹಾಕಿದರು, ಅದಕ್ಕೂ ಹಿಂದೆ 0.10 ಇತ್ತು. ಪುಶ್‌ರಾಡ್ ಎಂಬ ಕಡ್ಡಿಗಳಿಂದ ವಾಲ್ವ್ ಎತ್ತುವ, ಆ ಕಡ್ಡಿಯ ಕೆಳಗಿನ ಚಪ್ಪಟೆ ಟ್ಯಾಪೆಟ್ ನೇರವಾಗಿ ಕ್ಯಾಮ್ ಮೇಲೆ ಉಜ್ಜುವ ಹಳೆಯ ಎಂಜಿನ್ನು ನಿಮ್ಮದಾದರೆ ಇದನ್ನು ಗಮನಿಸಿ. 15ಡಬ್ಲ್ಯು-40, 20ಡಬ್ಲ್ಯು-50ರಂಥ ದಪ್ಪ ಗ್ರೇಡುಗಳಿಗೆ ಈ ಮಿತಿ ಅನ್ವಯಿಸುವುದಿಲ್ಲ, ಅಂಥ ಎಂಜಿನ್ನುಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ ಇರುವುದೂ ಅವೇ. ಕ್ಯಾಮ್ ಮೇಲೆಯೇ ಇರುವ, ಮೆದು ಸ್ಪ್ರಿಂಗಿನ ಸಣ್ಣ ಎಂಜಿನ್ನಿನವರು ಇದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ.

ಸಿಂಥೆಟಿಕ್ ಹಾಕಿದರೆ ಹಳೆಯ ಗಾಡಿ ಸೋರುತ್ತದೆ ಎಂಬ ಮಾತು ನೀವೆಲ್ಲ ಕೇಳಿದ್ದೀರಿ. ಇದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಮೊದಮೊದಲು ಬಂದ ಸಿಂಥೆಟಿಕ್ ಎಣ್ಣೆಗಳು ರಬ್ಬರ್ ಸೀಲುಗಳನ್ನು ಕುಗ್ಗಿಸುತ್ತಿದ್ದವು. ಈಗಿನವು ಸೀಲನ್ನು ಹದವಾಗಿ ಉಬ್ಬಿಸುವ ಅಂಶ ಸೇರಿಸಿಯೇ ಬರುತ್ತವೆ. ಆದರೆ ವರ್ಷಗಟ್ಟಲೆ ಎಣ್ಣೆ ಬದಲಾಯಿಸದ ಎಂಜಿನ್ನಿನಲ್ಲಿ ಬಿರುಕು ಬಿಟ್ಟ ಸೀಲಿಗೆ ಕಪ್ಪು ಕೆಸರೇ ಮುಚ್ಚಳವಾಗಿ ಕೂತಿರುತ್ತದೆ. ಒಳ್ಳೆಯ ಎಣ್ಣೆ ಅದನ್ನು ತೊಳೆಯುತ್ತದೆ, ಅಡಗಿದ್ದ ಸೋರಿಕೆ ಹೊರಗೆ ಬರುತ್ತದೆ. ಎಣ್ಣೆಯ ಮೇಲೆ ಅಪವಾದ! ನನ್ನ ಮಟ್ಟಿಗೆ, ಸೀಲುಗಳು ಚೆನ್ನಾಗಿದ್ದರೆ ಸೆಮಿ ಸಿಂಥೆಟಿಕ್ ಧಾರಾಳವಾಗಿ ಸಾಕು. ಕೆಸರು ತುಂಬಿದ ಎಂಜಿನ್ನಿಗೆ ಫ್ಲಶ್ ಡಬ್ಬಿ ಸುರಿದು ಒಂದೇ ಏಟಿಗೆ ತೊಳೆಯುವುದನ್ನು ನಾನು ಒಪ್ಪುವುದಿಲ್ಲ. ಕಿತ್ತು ಬಂದ ಕೆಸರು ಎಣ್ಣೆ ಹೀರುವ ಜಾಲರಿಗೆ ಅಡ್ಡ ಬಿದ್ದರೆ ಎಂಜಿನ್ ಅಲ್ಲೇ ಮುಗಿಯಿತು. ಸಾಧಾರಣ ಎಣ್ಣೆ ಹಾಕಿ, ಸಾವಿರದ ಐನೂರು ಕಿಲೋಮೀಟರಿಗೊಮ್ಮೆ ಎರಡು ಸಲ ಎಣ್ಣೆ ಫಿಲ್ಟರ್ ಬದಲಾಯಿಸಿ. ಅದು ತಾನಾಗಿ, ನಿಧಾನವಾಗಿ ತೊಳೆದುಕೊಳ್ಳುತ್ತದೆ.

ಹಾಗೆಯೇ, ದುಬಾರಿ ಎಣ್ಣೆಯನ್ನು ಎರಡು ವರ್ಷ ಬಿಡುವುದಕ್ಕಿಂತ ಸರಿಯಾದ ದರ್ಜೆಯ ಸಾಧಾರಣ ಎಣ್ಣೆಯನ್ನು ಬೇಗ ಬೇಗ ಬದಲಾಯಿಸುವುದು ಹಳೆಯ ಸಣ್ಣ ಎಂಜಿನ್ನಿಗೆ ಮೇಲು. ಫೋಕ್ಸ್‌ವ್ಯಾಗನ್ ಬೀಟಲ್ ನೆನಪಿಸಿಕೊಳ್ಳಿ. ಗಾಳಿಯಿಂದ ತಣಿಯುವ ಎಂಜಿನ್. ಎರಡೂವರೆ ಲೀಟರ್ ಎಣ್ಣೆ, ಫಿಲ್ಟರೇ ಇಲ್ಲ, ಒಂದು ಜಾಲರಿ ಮಾತ್ರ. ಅದರ ಕೈಪಿಡಿ 5,000 ಕಿಲೋಮೀಟರಿಗೆಲ್ಲ ಎಣ್ಣೆ ಬದಲಿಸಿ ಅನ್ನುತ್ತಿತ್ತು. ಆ ಶಿಸ್ತು ಪಾಲಿಸಿದವರ ಎಂಜಿನ್ನುಗಳು ದಶಕಗಟ್ಟಲೆ ಓಡಿದವು. ನಿಮ್ಮ ಕಾರು ದಿನಾ ಮೂರ್ನಾಲ್ಕು ಕಿಲೋಮೀಟರ್ ಮಾತ್ರ ಓಡುತ್ತದೆಯೇ? ಹಾಗಿದ್ದರೆ ಎಣ್ಣೆ ಪೂರ್ತಿ ಕಾಯುವುದೇ ಇಲ್ಲ, ಒಳಗೆ ಸೇರಿದ ತೇವ ಆವಿಯಾಗಿ ಹೋಗುವುದಿಲ್ಲ. ಮುಚ್ಚಳ ತೆಗೆದರೆ ಒಳಗೆ ಬೆಣ್ಣೆಯಂಥ ಪದರ ಕಾಣುತ್ತದೆ. ಅಂಥ ಗಾಡಿಗೆ ಕಿಲೋಮೀಟರ್ ಲೆಕ್ಕ ಬೇಡ, ಆರು ತಿಂಗಳ ಲೆಕ್ಕ ಇಡಿ.

ಇನ್ನು ಗೇರ್ ಆಯಿಲ್. ಇದರ ಬಗ್ಗೆ ನನಗೆ ಹೇಳಲು ಹೆಚ್ಚಿದೆ, ಏಕೆಂದರೆ ಇಲ್ಲಿ ನನ್ನ ಗೇರ್‌ಬಾಕ್ಸೇ ಪೆಟ್ಟು ತಿಂದಿದೆ. ಒಂದು ವರ್ಕ್‌ಶಾಪಿನಲ್ಲಿ ಗೇರ್ ಆಯಿಲ್ ಬದಲಾಯಿಸಿಕೊಂಡು ಬಂದೆ. ವಾರ ಕಳೆಯುವುದರೊಳಗೆ ಮೂರನೆಯ ಗೇರಿನಿಂದ ಎರಡಕ್ಕೆ ಇಳಿಸುವಾಗ ಕರಕರ ಸದ್ದು. ಕ್ಲಚ್ ಕೇಬಲ್ ಸರಿಮಾಡಿದ್ದಾಯಿತು, ಲಿವರಿನ ಬುಷ್ ಬದಲಿಸಿದ್ದಾಯಿತು, ಸದ್ದು ನಿಲ್ಲಲಿಲ್ಲ. ಕೊನೆಗೆ ಹಾಕಿದ ಎಣ್ಣೆ ಯಾವುದೆಂದು ಕೇಳಿದಾಗ ಗೊತ್ತಾಯಿತು. ಗೇರ್ ಎಣ್ಣೆಗೂ ಜಿಎಲ್ ಎಂಬ ದರ್ಜೆಗಳಿವೆ. ಕೈಪಿಡಿ ಹೇಳಿದ್ದು ಜಿಎಲ್-4, ಹಾಕಿದ್ದು ಜಿಎಲ್-5. ಅಂಕಿ ದೊಡ್ಡದಿದೆ, ಅಂದಮೇಲೆ ಇನ್ನೂ ಒಳ್ಳೆಯದು ಎಂದು ಹಾಕಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದು.

ಏನಾಯಿತು ಅಂದರೆ, ಗೇರ್‌ಬಾಕ್ಸಿನೊಳಗೆ ಸಿಂಕ್ರೊನೈಸರ್ ರಿಂಗ್ ಅಂತ ಹಿತ್ತಾಳೆಯ ಬಳೆಗಳಿರುತ್ತವೆ. ನೀವು ಗೇರ್ ಬದಲಿಸುವಾಗ ಆ ಬಳೆ ಒಂದು ಉಕ್ಕಿನ ಶಂಕುವಿಗೆ ಉಜ್ಜಿ, ಎರಡರ ವೇಗವನ್ನು ಸಮ ಮಾಡುತ್ತದೆ. ಆಮೇಲೆ ಹಲ್ಲುಗಳು ಸದ್ದಿಲ್ಲದೆ ಕೂಡುತ್ತವೆ. ಅಂದರೆ ಎಣ್ಣೆಯೊಳಗೆ ಮುಳುಗಿದ್ದರೂ ಅಲ್ಲಿ ಘರ್ಷಣೆ ಬೇಕು. ಜಿಎಲ್-5 ಎಣ್ಣೆ ಹಿಂಬದಿ ಆಕ್ಸಲ್‌ನ ಹೈಪಾಯ್ಡ್ ಗೇರಿಗೆಂದು ಮಾಡಿದ್ದು. ಅಲ್ಲಿ ಹಲ್ಲಿನ ಮೇಲೆ ಹಲ್ಲು ವಿಪರೀತ ಒತ್ತಡದಲ್ಲಿ ಜಾರುತ್ತದೆ. ಅದಕ್ಕಾಗಿ ಗಂಧಕ, ರಂಜಕದ ಅಂಶವನ್ನು ಜಿಎಲ್-4ರ ಸುಮಾರು ಎರಡರಷ್ಟು ಸೇರಿಸಿರುತ್ತಾರೆ. ಆ ಎಣ್ಣೆಯಲ್ಲಿ ಬಳೆ ಹಿಡಿಯುವುದಿಲ್ಲ, ಜಾರುತ್ತದೆ, ಹಲ್ಲು ಉಜ್ಜಿ ಕರಕರ ಅನ್ನುತ್ತದೆ. ಜೊತೆಗೆ ಚುರುಕಾದ ಗಂಧಕ ಬಿಸಿಯಲ್ಲಿ ತಾಮ್ರ, ಹಿತ್ತಾಳೆಗಳನ್ನು ತಿನ್ನುತ್ತದೆ. ಜಿಎಲ್-4ಕ್ಕೆ ವಾಪಸ್ ಬಂದ ಮೇಲೆ ನನ್ನ ಗಾಡಿಯ ಸದ್ದು ಬಹುಪಾಲು ಹೋಯಿತು, ಪೂರ್ತಿ ಹೋಗಲಿಲ್ಲ. ಆ ಎರಡನೆಯ ಗೇರಿಗೆ ಇವತ್ತಿಗೂ ಸ್ವಲ್ಪ ನಿಧಾನಿಸಿ ಹಾಕುತ್ತೇನೆ.

ಮುಂದಿನ ಚಕ್ರ ಎಳೆಯುವ ಸಣ್ಣ ಕಾರುಗಳಲ್ಲಿ ಗೇರ್‌ಬಾಕ್ಸೂ, ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಶಿಯಲ್ಲೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಎಂಜಿನ್ ಅಡ್ಡಲಾಗಿ ಕೂತಿದ್ದರೆ ಅಲ್ಲಿ ಹೈಪಾಯ್ಡ್ ಹಲ್ಲೇ ಇರುವುದಿಲ್ಲ, ಜಿಎಲ್-4 ಎರಡಕ್ಕೂ ಸಾಕು. ಹಿಂದಿನ ಚಕ್ರ ಎಳೆಯುವ ಹಳೆಯ ಕಾರಾದರೆ ಎರಡು ಬೇರೆ ಬೇರೆ. ಹಿಂದಿನ ಆಕ್ಸಲ್‌ಗೆ ಹೆಚ್ಚಾಗಿ ಜಿಎಲ್-5, ಗೇರ್‌ಬಾಕ್ಸಿಗೆ ಜಿಎಲ್-4. ಎರಡು ಡಬ್ಬಿ ತರಬೇಕು, ಒಂದರಲ್ಲೇ ಮುಗಿಸುವ ಆಸೆ ಬೇಡ.

ಇನ್ನೊಂದು ಗೊಂದಲ, 80ಡಬ್ಲ್ಯು-90 ಎಂದು ಓದಿದ ಕೂಡಲೇ ಎಂಜಿನ್ ಆಯಿಲ್‌ಗಿಂತ ಎರಡರಷ್ಟು ದಪ್ಪ ಅಂದುಕೊಳ್ಳುವುದು. ಗೇರ್ ಎಣ್ಣೆಯ ಅಳತೆಗೋಲೇ ಬೇರೆ. 90ರ ಗೇರ್ ಎಣ್ಣೆ, 40 ಅಥವಾ 50ರ ಎಂಜಿನ್ ಎಣ್ಣೆಯಷ್ಟೇ ದಪ್ಪ. ಅಷ್ಟೇ ಏಕೆ, ಕೆಲವು ಕಾರುಗಳ ಗೇರ್‌ಬಾಕ್ಸಿಗೆ ಗೇರ್ ಎಣ್ಣೆಯೇ ಅಲ್ಲ. 1959ರಲ್ಲಿ ಅಲೆಕ್ ಇಸಿಗೊನಿಸ್ ರೂಪಿಸಿದ ಮಿನಿ ಕಾರು ಹೊರಬಂತಲ್ಲ, ಜಾಗ ಉಳಿಸಲು ಗೇರ್‌ಬಾಕ್ಸನ್ನು ಎಂಜಿನ್ನಿನ ಕೆಳಗೇ ಸಂಪಿನೊಳಗೆ ಕೂರಿಸಿದರು. ಎರಡಕ್ಕೂ ಒಂದೇ ಎಣ್ಣೆ. ಗೇರ್ ಹಲ್ಲುಗಳು ಅದನ್ನು ಜಜ್ಜುತ್ತಲೇ ಇರುತ್ತವೆ, ಗ್ರೇಡ್ ಹಿಡಿದಿಡುವ ಪಾಲಿಮರ್ ಎಳೆಗಳು ತುಂಡಾಗುತ್ತವೆ, ಎಣ್ಣೆ ಬೇಗ ತೆಳುವಾಗುತ್ತದೆ. ಆ ಕಾರಿನವರು 20ಡಬ್ಲ್ಯು-50ಕ್ಕೆ ಅಂಟಿಕೊಂಡು ಬೇಗ ಬೇಗ ಬದಲಿಸುವುದು ಅದಕ್ಕೇ. 1980, 90ರ ದಶಕದ ಹಲವು ಹೋಂಡಾ ಕಾರುಗಳ ಕೈಯ ಗೇರ್‌ಬಾಕ್ಸಿಗೂ ಕೈಪಿಡಿ ಹೇಳಿದ್ದು 10ಡಬ್ಲ್ಯು-30 ಎಂಜಿನ್ ಆಯಿಲ್ಲನ್ನೇ. ಗೇರ್‌ಬಾಕ್ಸ್ ಅಂದಮೇಲೆ ಗೇರ್ ಆಯಿಲ್ ಎಂದು ಊಹಿಸಿ ಸುರಿದರೆ ಇಂಥ ಗಾಡಿಯಲ್ಲಿ ಕೆಟ್ಟಿತು.

ಬ್ರೇಕ್ ಆಯಿಲ್‌ಗೆ ಬರೋಣ. ನಾವೆಲ್ಲ ಅದನ್ನು ಆಯಿಲ್ ಅನ್ನುತ್ತೇವೆ. ಆ ಹೆಸರೇ ಅಪಾಯ ತಂದಿದೆ, ಏಕೆಂದರೆ ಅದು ಎಣ್ಣೆ ಅಲ್ಲವೇ ಅಲ್ಲ. ಡಬ್ಬಿಯ ಮೇಲೆ ಡಾಟ್ ಎಂದು ಅದರ ದರ್ಜೆ ಬರೆದಿರುತ್ತದೆ. ಡಾಟ್ 3, ಡಾಟ್ 4 ಎರಡೂ ಗ್ಲೈಕಾಲ್ ಜಾತಿಯ ದ್ರವಗಳು, ನೀರಿನೊಡನೆ ಬೆರೆಯುತ್ತವೆ. ಬ್ರೇಕಿನೊಳಗಿನ ರಬ್ಬರ್ ವಾಷರುಗಳನ್ನು ಈ ದ್ರವಕ್ಕೆಂದೇ ಮಾಡಿರುತ್ತಾರೆ. "ಆಯಿಲ್ ಕಡಿಮೆ ಇದೆ" ಎಂದು ಯಾರಾದರೂ ಎಂಜಿನ್ ಆಯಿಲ್ಲೋ ಸ್ಟೀರಿಂಗ್ ಆಯಿಲ್ಲೋ ನಾಲ್ಕು ಹನಿ ಬ್ರೇಕ್ ಡಬ್ಬಿಗೆ ಹಾಕಿದರೆ ಆ ರಬ್ಬರೆಲ್ಲ ಊದಿಕೊಳ್ಳುತ್ತದೆ. ಬ್ರೇಕ್ ಹಿಡಿದುಕೊಳ್ಳುತ್ತದೆ, ಇಲ್ಲವೇ ಬಿಟ್ಟೇ ಹೋಗುತ್ತದೆ. ಮತ್ತೆ ತೊಳೆದರೆ ಸಾಲದು, ಮಾಸ್ಟರ್ ಸಿಲಿಂಡರಿನಿಂದ ಚಕ್ರದ ತನಕ ರಬ್ಬರ್ ಭಾಗಗಳೆಲ್ಲ ಹೊಸದಾಗಬೇಕು. ಮನೆಯಲ್ಲಿ ಬೇರೆಯವರೂ ಗಾಡಿ ಓಡಿಸುತ್ತಿದ್ದರೆ ಈ ಒಂದು ಮಾತನ್ನು ಅವರಿಗೆ ಹೇಳಿಬಿಡಿ.

ಈ ದ್ರವ ತೇವ ಹೀರುತ್ತದೆ. ಮುಚ್ಚಿದ ಡಬ್ಬಿಯಲ್ಲಿದ್ದರೂ ರಬ್ಬರ್ ಹೋಸಿನ ಮೂಲಕ ನಿಧಾನಕ್ಕೆ ನೀರಿನಂಶ ಸೇರುತ್ತದೆ. ಹೊಸ ಡಾಟ್ 3 ಕಡಿಮೆಯೆಂದರೆ 205 ಡಿಗ್ರಿವರೆಗೆ ಕುದಿಯಬಾರದು, ಡಾಟ್ 4 ಆದರೆ 230. ಶೇಕಡ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿಗಳು 140 ಮತ್ತು 155ಕ್ಕೆ ಇಳಿಯುತ್ತವೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಆ ಬಿಸಿ ದ್ರವಕ್ಕೂ ತಗಲುತ್ತದೆ. ಕುದಿದರೆ ಆವಿಯ ಗುಳ್ಳೆ, ಗುಳ್ಳೆ ಅದುಮಿಕೊಳ್ಳುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಗೆಳೆಯನೊಬ್ಬನ ಕಾರಿನಲ್ಲಿ ಹೀಗೆ ಪೆಡಲ್ ಮೆತ್ತಗಾದಾಗ ನಾನು ಪಕ್ಕದ ಸೀಟಿನಲ್ಲಿದ್ದೆ. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆಯುತ್ತಾ ಹೇಗೋ ನಿಲ್ಲಿಸಿದ. ಅರ್ಧ ಗಂಟೆ ತಣಿದ ಮೇಲೆ ಬ್ರೇಕ್ ಮಾಮೂಲಿ! ವರ್ಕ್‌ಶಾಪಿಗೆ ಹೋದರೂ ದೋಷ ಕಾಣುತ್ತಿರಲಿಲ್ಲ. ಆ ದ್ರವವನ್ನು ಕಾರು ಕೊಂಡಾಗಿನಿಂದ ಬದಲಿಸಿರಲಿಲ್ಲ, ಚಹಾದ ಬಣ್ಣಕ್ಕೆ ಬಂದಿತ್ತು. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಮುಚ್ಚಳ ತೆರೆದು ವರ್ಷವಾದ ಅರ್ಧ ಡಬ್ಬಿ ದ್ರವ ಮನೆಯಲ್ಲಿದ್ದರೆ ಅದನ್ನು ಬ್ರೇಕಿಗೆ ಹಾಕಬೇಡಿ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಎದ್ದು ಬರುತ್ತದೆ.

ಡಾಟ್ 3 ಕೇಳುವ ಕಾರಿಗೆ ಡಾಟ್ 4 ಹಾಕಬಹುದು. ಡಾಟ್ 5.1 ಕೂಡ ಅದೇ ಕುಲ. ಡಾಟ್ 5 ಮಾತ್ರ ಬೇರೆ, ಅದು ಸಿಲಿಕೋನ್, ಇವುಗಳ ಜೊತೆ ಬೆರೆಸುವಂತಿಲ್ಲ. ಒಂದು ಚುಕ್ಕಿಯ ವ್ಯತ್ಯಾಸ, ಕಣ್ಣಿಟ್ಟು ಓದಿ. ಇನ್ನೊಂದು ಅಪರೂಪದ ಉದಾಹರಣೆ. ಸಿಟ್ರೊಯೆನ್ 2ಸಿವಿ ಎಂಬ ಪುಟ್ಟ ಕಾರಿಗೆ 1981ರಲ್ಲಿ ಮುಂದೆ ಡಿಸ್ಕ್ ಬ್ರೇಕ್ ಬಂತು. ಅದಕ್ಕೆ ಹಸಿರು ಬಣ್ಣದ ಎಲ್‌ಎಚ್‌ಎಂ ಎಂಬ ಖನಿಜ ಎಣ್ಣೆ ಹಾಕುತ್ತಾರೆ, ಅಲ್ಲಿನ ರಬ್ಬರ್ ಅದಕ್ಕೆ ತಕ್ಕದ್ದು. ಅದೇ ಹೆಸರಿನ, ಅದಕ್ಕೂ ಮೊದಲಿನ ಡ್ರಮ್ ಬ್ರೇಕ್ ಕಾರಿಗೆ ಮಾಮೂಲಿ ಬ್ರೇಕ್ ದ್ರವ. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಎರಡರ ರಬ್ಬರೂ ಹಾಳು. ನಾನು ಮೊದಲಿಗೇ ಹೇಳಿದ್ದು ಇದನ್ನೇ, ಕಾರಿನ ಹೆಸರು ಸಾಲದು, ಒಳಗಿನ ರಬ್ಬರ್ ಯಾವುದು ಎಂದು ಗೊತ್ತಿರಬೇಕು.

ಕೂಲಂಟ್ ವಿಷಯ. "ನಮ್ಮಲ್ಲಿ ಹಿಮ ಬೀಳುವುದಿಲ್ಲ, ನೀರೇ ಸಾಕು" ಅನ್ನುವವರಿದ್ದಾರೆ. ಹೆಪ್ಪುಗಟ್ಟದಂತೆ ಕಾಯುವುದು ಕೂಲಂಟಿನ ಒಂದು ಕೆಲಸ ಅಷ್ಟೇ. ಸಣ್ಣ ಕಾರುಗಳಲ್ಲಿ ಬಹಳಷ್ಟಕ್ಕೆ ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಕಬ್ಬಿಣ. ಎರಡು ಲೋಹ, ನಡುವೆ ನೀರು, ಅದು ಬ್ಯಾಟರಿಯಂತೆ ವರ್ತಿಸಿ ಅಲ್ಯೂಮಿನಿಯಮ್ಮನ್ನು ಕೊರೆಯುತ್ತದೆ. ಅದನ್ನು ತಡೆಯುವ ರಾಸಾಯನಿಕ ಇರುವುದು ಕೂಲಂಟಿನಲ್ಲಿ. ಜೊತೆಗೆ ಕುದಿಯುವ ಬಿಂದುವೂ ಏರುತ್ತದೆ. ಗ್ಲೈಕಾಲ್ ಅರ್ಧ, ನೀರು ಅರ್ಧ ಬೆರೆಸಿದರೆ ಬಯಲಲ್ಲಿ ಸುಮಾರು 108 ಡಿಗ್ರಿಗೆ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದ ಒತ್ತಡವೂ ಸೇರಿದರೆ 125 ದಾಟುತ್ತದೆ. ಆ ಮುಚ್ಚಳದ ರಬ್ಬರ್ ಹೋಗಿದ್ದರೆ ಎಷ್ಟು ಒಳ್ಳೆಯ ಕೂಲಂಟೂ ವ್ಯರ್ಥ. ಹಾಗಂತ ನೀರೇ ಇಲ್ಲದೆ ಬರೀ ಗ್ಲೈಕಾಲ್ ಸುರಿಯಬೇಡಿ. ನೀರಿನಷ್ಟು ಶಾಖವನ್ನು ಅದು ಹೊರಲಾರದು, ಅಷ್ಟೇ ಅಲ್ಲ, ಬರೀ ಗ್ಲೈಕಾಲ್ ಮೈನಸ್ 13ರಲ್ಲೇ ಗಟ್ಟಿಯಾಗುತ್ತದೆ, ಅರ್ಧಂಬರ್ಧ ಬೆರೆಸಿದ್ದು ಮೈನಸ್ 37ರವರೆಗೆ ತಡೆಯುತ್ತದೆ. ಬೆರೆಸಲು ಡಿಸ್ಟಿಲ್ಡ್ ವಾಟರ್ ಬೇಕು. ಗಡಸು ನೀರಿನ ಸುಣ್ಣ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ.

ಬಣ್ಣ ನೋಡಿ ಕೂಲಂಟ್ ಆರಿಸಬೇಡಿ. ಹಸಿರು, ಕೆಂಪು, ನೀಲಿ ಎಲ್ಲವೂ ತಯಾರಕರು ಸೇರಿಸಿದ ಬಣ್ಣ, ಅದಕ್ಕೆ ಒಂದೇ ನಿಯಮ ಇಲ್ಲ. ನೋಡಬೇಕಾದದ್ದು ಒಳಗಿನ ರಕ್ಷಕದ ಬಗೆ. ಸಿಲಿಕೇಟ್, ಫಾಸ್ಫೇಟ್‌ಗಳ ಹಳೆಯ ಬಗೆ ಐಎಟಿ, ಎರಡು ವರ್ಷ ಬಾಳುತ್ತದೆ. ಸಾವಯವ ಆಮ್ಲದ ಬಗೆ ಒಎಟಿ, ಐದು ವರ್ಷ. ತಾಮ್ರ ಹಿತ್ತಾಳೆಯ, ಸೀಸದ ಬೆಸುಗೆ ಹಾಕಿದ ರೇಡಿಯೇಟರ್ ಇನ್ನೂ ಇರುವ ಕಾರಿಗೆ ನಾನು ಹಳೆಯ ಬಗೆಯನ್ನೇ ಹಾಕುತ್ತೇನೆ. ಅಲ್ಯೂಮಿನಿಯಂ ರೇಡಿಯೇಟರಿನದಾದರೆ ಕೈಪಿಡಿ ಹೇಳಿದ್ದು. ಒಂದರೊಳಗೆ ಒಂದು ಬೆರೆಸಿದರೆ ರಕ್ಷಣೆ ಕುಗ್ಗುತ್ತದೆ, ಕೆಲವು ಜೋಡಿಗಳು ಲೋಳೆಗಟ್ಟುತ್ತವೆ. ಒಳಗೆ ಯಾವುದಿದೆಯೋ ತಿಳಿಯದಿದ್ದರೆ ಪೂರ್ತಿ ಬಸಿದು, ಬರಿ ನೀರಿನಲ್ಲಿ ಎರಡು ಮೂರು ಸಲ ತೊಳೆದು ಹೊಸದು ತುಂಬಿ. ಗ್ಲೈಕಾಲ್ ಸಿಹಿಯಾಗಿರುತ್ತದೆ, ವಿಷ. ನೆಲದ ಮೇಲೆ ಚೆಲ್ಲಿದ್ದನ್ನು ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ. ಬಸಿದದ್ದನ್ನು ಒಂದು ನಿಮಿಷವೂ ತೆರೆದಿಡಬೇಡಿ.

ಪವರ್ ಸ್ಟೀರಿಂಗ್ ಇರುವವರು ಡಬ್ಬಿಯ ಮುಚ್ಚಳದ ಮೇಲೆ ಬರೆದದ್ದನ್ನು ಓದಿ. ಹಲವು ಕಾರುಗಳಿಗೆ ಕೆಂಪು ಎಟಿಎಫ್ (ಆಟೊಮ್ಯಾಟಿಕ್ ಗೇರಿಗೆ ಹಾಕುವ ದ್ರವ), ಕೆಲವಕ್ಕೆ ಅದು ವರ್ಜ್ಯ. ಆಟೊಮ್ಯಾಟಿಕ್ ಗೇರಿನವರು ಕಂಪನಿ ಹೇಳಿದ ಎಟಿಎಫ್ ಬಿಟ್ಟು ಬೇರೆ ಯೋಚಿಸಬೇಡಿ, ಒಳಗಿನ ಕ್ಲಚ್ ಪಟ್ಟಿಗಳು ಆ ದ್ರವದ ಘರ್ಷಣೆಗೆ ಲೆಕ್ಕ ಹಾಕಿ ಮಾಡಿದವು.

"ಹಳೆಯ ಕಾರು ಕೊಂಡಿದ್ದೇನೆ, ಕೈಪಿಡಿಯೂ ಇಲ್ಲ, ಹಿಂದೆ ಏನು ಹಾಕಿದ್ದರೋ ತಿಳಿಯದು, ಎಲ್ಲಿಂದ ಶುರು ಮಾಡಲಿ?" ಎಂದು ಇಲ್ಲೇ ಒಬ್ಬರು ಚೀಟಿ ಕಳಿಸಿದ್ದಾರೆ. ಬ್ರೇಕಿನಿಂದ. ಅದು ಜೀವದ ಪ್ರಶ್ನೆ, ಇವತ್ತೇ ಮಾಡಿಸಿ. ಆಮೇಲೆ ಎಂಜಿನ್ ಆಯಿಲ್, ಫಿಲ್ಟರ್. ಆಮೇಲೆ ಕೂಲಂಟ್, ಅದರ ಜೊತೆಗೇ ಹೋಸುಗಳನ್ನು ಹಿಂಡಿ ನೋಡಿ, ಮುಚ್ಚಳ ಹೊಸದು ಹಾಕಿ. ಅಷ್ಟರಲ್ಲಿ ಅದೇ ಮಾದರಿಯ ಕೈಪಿಡಿ ಎಲ್ಲಾದರೂ ಸಿಕ್ಕೀತು, ಗೇರ್ ಎಣ್ಣೆಗೆ ಅದು ಸಿಗುವ ತನಕ ಕಾಯಿರಿ. ಗೇರ್‌ಬಾಕ್ಸಿಗೆ ಕೈ ಹಾಕುವ ದಿನ ಒಂದು ಜಾಗ್ರತೆ. ಅದಕ್ಕೆ ಎರಡು ಬಿರಡೆ, ಕೆಳಗಿನದು ಬಸಿಯಲು, ಪಕ್ಕದ್ದು ತುಂಬಲು. ಹಳೆಯ ಗಾಡಿಯಲ್ಲಿ ತುಂಬುವ ಬಿರಡೆ ತುಕ್ಕು ಹಿಡಿದು ಕಚ್ಚಿಕೊಂಡಿರುವುದು ಉಂಟು. ಮೊದಲು ಅದು ಬಿಚ್ಚುತ್ತದೆಯೇ ನೋಡಿ. ಅದು ಸಡಿಲವಾದ ಮೇಲೆಯೇ ಕೆಳಗಿನದಕ್ಕೆ ಸ್ಪ್ಯಾನರ್ ಹಾಕಿ. ಇಲ್ಲವಾದರೆ ಎಣ್ಣೆಯೆಲ್ಲ ಬಸಿದು ಹೋಗಿರುತ್ತದೆ, ತುಂಬಲು ದಾರಿ ಇರುವುದಿಲ್ಲ.